ಗರಿ ಉದುರಿದ ಒಂಬತ್ತು ಕೋಳಿಗಳು

ಹಲಸಿನಬೈಲು ಗ್ರಾಮ ಪಂಚಾಯಿತಿಯ ದಾಖಲೆಯ ಪ್ರಕಾರ ೨೦೦೪ನೇ ಇಸವಿಯಲ್ಲಿ ಆ ಊರಿನಲ್ಲಿ ಒಂದು ಬೆಕ್ಕೂ ಇರಲಿಲ್ಲ. ದನ ಇನ್ನೂರ ಹನ್ನೆರಡು, ನಾಯಿ ನಲವತ್ತೊಂದು, ಬೆಕ್ಕು ಇಲ್ಲ. ಗಣತಿಯವರು ಮನೆಮನೆಗೆ ಬಂದು, ಒಲೆಯ ಪಕ್ಕ ಮಲಗಿದ್ದ ಬೆಕ್ಕನ್ನೇ ತೋರಿಸಿ ಕೇಳಿದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: "ನಮ್ದಲ್ಲ ಮಾರಾಯ್ರೆ. ಬರ್ತದೆ, ಹೋಗ್ತದೆ."

ಆ ವರ್ಷದ ಜೂನ್ ತಿಂಗಳಲ್ಲಿ ಸೀತಕ್ಕನಿಗೆ 'ಹಿತ್ತಲ ಕೋಳಿ ಯೋಜನೆ'ಯಲ್ಲಿ ಹತ್ತು ಕೋಳಿಮರಿ, ಒಂದು ತಂತಿಬಲೆಯ ಗೂಡು ಮತ್ತು ನಿಯಮಗಳ ಒಂದು ಹಾಳೆ ಸಿಕ್ಕಿದವು. ಮಗಳು ಭವ್ಯ ವರ್ಷದ ಕೊನೆಗೆ ಬಾಣಂತನಕ್ಕೆ ಬರುವವಳಿದ್ದಳು. ಅಷ್ಟು ಹೊತ್ತಿಗೆ ಮೊಟ್ಟೆ ಶುರುವಾದರೆ ಸಾಕು ಎಂಬುದು ಸೀತಕ್ಕನ ಯೋಚನೆ.

ಮೊದಲ ಮರಿಯನ್ನು ಬೆಕ್ಕು ಹಿಡಿದದ್ದು ನಾಲ್ಕನೇ ದಿನ, ಬೆಳಿಗ್ಗೆ ಎಂಟೂವರೆಗೆ. ಸೀತಕ್ಕ ಉಳಿದ ಒಂಬತ್ತನ್ನು ಹಿಡಿದು ಗೂಡಿಗೆ ಹಾಕಿ ಬಾಗಿಲು ಮುಚ್ಚಿದಳು. ಹತ್ತು ಗಂಟೆಗೆ ಪಂಚಾಯಿತಿ ಕಾರ್ಯದರ್ಶಿ ಶೇಷಪ್ಪ ಬಂದರು.

"ಇದೆಂತ ಸೀತಕ್ಕಾ, ಕೋಳಿ ಗೂಡಿನಲ್ಲಿ?"

"ಗೂಡು ಕೊಟ್ಟಿದ್ದು ಕೋಳಿಗೇ ಅಲ್ದಾ?"

"ರಾತ್ರಿಗೆ ಮಾತ್ರ. ಹಗಲು ಹಿತ್ತಲಲ್ಲೇ ಇರಬೇಕು, ನಿಯಮ ನಾಲ್ಕು. ಹಗಲೂ ಗೂಡಲ್ಲಿಟ್ರೆ ಅದು ಗೂಡುಕೋಳಿ ಯೋಜನೆ ಆಗ್ತದೆ. ಅದು ಬೇರೆ ವಿಭಾಗ. ಅದರ ಅರ್ಜಿ ಹೋದ ವರ್ಷವೇ ಮುಗಿದಿದೆ."

"ಹೊರಗೆ ಬಿಟ್ರೆ ಬೆಕ್ಕು ತಿಂತದಲ್ಲ?"

"ತಿನ್ನಬಾರದು ಅಂತ ನಿಯಮ ಆರು ಇದೆ."

ಶೇಷಪ್ಪ ಒಳ್ಳೆಯ ಮನುಷ್ಯರು. ಹಾಳೆಯಲ್ಲಿದ್ದ ಉಳಿದ ಎರಡು ಮುಖ್ಯ ನಿಯಮಗಳನ್ನೂ ನಿಂತಲ್ಲೇ ಓದಿ ಹೇಳಿದರು. ಆರು ತಿಂಗಳ ತಪಾಸಣೆಯಲ್ಲಿ ಸಂಖ್ಯೆ ಹತ್ತಕ್ಕಿಂತ ಕಡಿಮೆ ಇದ್ದರೆ ಉಳಿದವನ್ನೂ ಇಲಾಖೆ ವಾಪಸು ಪಡೆಯತಕ್ಕದ್ದು. ಕೋಳಿ ಕಾಣೆಯಾದ ಇಪ್ಪತ್ತನಾಲ್ಕು ಗಂಟೆಯೊಳಗೆ ದೂರು ಬರದಿದ್ದರೆ ಅದನ್ನು ಫಲಾನುಭವಿಯೇ ಸಾರು ಮಾಡಿದ್ದಾಗಿ ಭಾವಿಸತಕ್ಕದ್ದು.

ಸೀತಕ್ಕ ಅವತ್ತೇ ದೂರು ಬರೆಸಿದಳು. ಬೂದಿ ಬಣ್ಣ, ಮೈಮೇಲೆ ಪಟ್ಟೆ, ಎಡಗಿವಿ ಹರಿದಿದೆ, ಬಾಲದ ತುದಿ ಸೊಟ್ಟ. ಆ ಬೆಕ್ಕು ಮಲಗುತ್ತಿದ್ದದ್ದು ಪಂಚಾಯಿತಿ ಸದಸ್ಯ ಜಟ್ಟಪ್ಪನ ಅಟ್ಟದಲ್ಲಿ. ಅದು ಊರಿಗೆಲ್ಲ ಗೊತ್ತಿತ್ತು.

ಪಂಚಾಯಿತಿ ನೋಟಿಸು ಹಚ್ಚಿತು: "ಸದರಿ ಪ್ರಾಣಿಯು ಯಾರದೆಂದು ಅದರ ಮಾಲೀಕರು ಏಳು ದಿನದೊಳಗೆ ಖುದ್ದಾಗಿ ಬಂದು ತಿಳಿಸತಕ್ಕದ್ದು." ಗಣತಿಯಲ್ಲಿ ಇಲ್ಲದ್ದನ್ನು ಬೆಕ್ಕು ಎಂದು ಬರೆಯಲು ಬರುವಂತಿರಲಿಲ್ಲ. ಏಳು ದಿನ ಯಾರೂ ಬರಲಿಲ್ಲ. ಎಂಟನೇ ದಿನ ಸಭೆ ಸೇರಿತು.

"ಮಾಲೀಕರಿಲ್ಲದ್ದು ಪಂಚಾಯಿತಿ ಸ್ವತ್ತು ಆಗ್ತದೆ," ಎಂದರು ಶೇಷಪ್ಪ. "ಆವಾಗ ಮರಿ ತಿಂದದ್ದು ನಾವೇ ಆಗ್ತೇವೆ."

ಆಮೇಲೆ ಜಟ್ಟಪ್ಪ ಕೇಳಿದ: "ಅದರ ಗುರುತು ಹೇಳಿದ್ದು ಯಾರು?"

"ಸೀತಕ್ಕ."

"ಕಿವಿ ಹರಿದದ್ದು, ಬಾಲ ಸೊಟ್ಟ ಇದ್ದದ್ದು, ಎಲ್ಲ ಹೇಳಿದಾಳೆ. ಸಾಕಿದವರಿಗಲ್ದೆ ಬೇರೆಯವರಿಗೆ ಅಷ್ಟು ಗೊತ್ತಾಗ್ತದಾ?"

ಠರಾವು ಸರ್ವಾನುಮತದಿಂದ ಪಾಸಾಯಿತು. ಗುರುತು ಹೇಳಿದವರೇ ಮಾಲೀಕರು. ಸದರಿ ಪ್ರಾಣಿ ಒಂದು, ಸೀತಕ್ಕನ ಹೆಸರಿಗೆ. ಇನ್ನು ಮುಂದೆ ಅದನ್ನು ಹಗಲು ಹೊತ್ತು ಕೂಡಿಹಾಕಿಕೊಳ್ಳುವುದು ಆಕೆಯ ಜವಾಬ್ದಾರಿ.

ಸೀತಕ್ಕ ಜಟ್ಟಪ್ಪನ ಅಟ್ಟ ಹತ್ತಿ ತನ್ನ ಬೆಕ್ಕನ್ನು ಗೋಣಿಚೀಲದಲ್ಲಿ ತಂದಳು. ಕೂಡಿಹಾಕಲು ಜಾಗ ಹುಡುಕಬೇಕಾಗಿರಲಿಲ್ಲ. ಹಗಲು ಹೊತ್ತು ಖಾಲಿ ಇರಬೇಕೆಂದು ಸರ್ಕಾರವೇ ಹೇಳಿದ ಗೂಡು ಹಿತ್ತಲಲ್ಲಿತ್ತು.

ಮರುವಾರ ಇನ್ನೊಂದು ಮರಿ ಹೋಯಿತು. ಈ ಸಲ ಕರಿ ಬೆಕ್ಕು, ಎದೆ ಬಿಳಿ. ದೂರು, ನೋಟಿಸು, ಏಳು ದಿನ, ಠರಾವು. ಅದೂ ಗೂಡಿಗೆ ಬಂತು. ದೂರು ಕೊಡದಿದ್ದರೆ ಸಾರು ಮಾಡಿದಂತಾಗುತ್ತಿತ್ತು. ಕೊಟ್ಟರೆ ಬೆಕ್ಕು ಬರುತ್ತಿತ್ತು. ಹೀಗೆ ನವೆಂಬರ್ ತನಕ ಒಂದು ಕೋಳಿ ಕಡಿಮೆಯಾದಾಗಲೆಲ್ಲ ಒಂದು ಸದರಿ ಪ್ರಾಣಿ ಹೆಚ್ಚಾಯಿತು. ಒಟ್ಟು ಮಾತ್ರ ಹತ್ತಕ್ಕೆ ನಿಂತಿತ್ತು.

ಒಂಬತ್ತನೆಯದು ಗೂಡಿಗೆ ಬಂದ ಮೇಲೆ ಊರಿನಲ್ಲಿ ಬೆಕ್ಕು ಮುಗಿದವು. ಉಳಿದ ಒಂದೇ ಹೇಂಟೆಗೆ ಸೀತಕ್ಕ ಚುಕ್ಕಿ ಎಂದು ಹೆಸರಿಟ್ಟಿದ್ದಳು. ಹಗಲಿಡೀ ಅದು ಗೂಡಿನ ಸುತ್ತಲೇ ಮಣ್ಣು ಕೆದರುತ್ತ ತಿರುಗುತ್ತಿತ್ತು. ಒಳಗಿನಿಂದ ಹದಿನೆಂಟು ಕಣ್ಣು ಅದನ್ನು ನೋಡುತ್ತಿದ್ದವು. ಗೂಡಿಗೆ ಬೆಕ್ಕು ಬಂದಾಗಿನಿಂದ ಕೋಳಿಗಳ ರಾತ್ರಿ ಅಡುಗೆಮನೆಯ ಬುಟ್ಟಿಯಡಿಯೇ; ಚುಕ್ಕಿಯೂ ಅಲ್ಲೇ ಮಲಗುತ್ತಿತ್ತು. ಭವ್ಯ ಬಂದ ವಾರವೇ ಮೊದಲ ಮೊಟ್ಟೆ ಇಟ್ಟಿತು.

ಡಿಸೆಂಬರಿನಲ್ಲಿ ತಪಾಸಣೆಗೆ ತಾಲೂಕಿನಿಂದ ವೀರೇಶ್ ಎಂಬ ಅಧಿಕಾರಿ ಬಂದರು. ಒಳಗೆ ಭವ್ಯ, ಹೆರಿಗೆಯಾಗಿ ಮೂರನೇ ದಿನದ ಸ್ನಾನ ಮುಗಿಸಿ, ಮಗುವಿನ ಪಕ್ಕ ಮಲಗಿದ್ದಳು. ಸೀತಕ್ಕ ಚುಕ್ಕಿಯನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಳು. ಇದೊಂದನ್ನು ಒಯ್ದರೆ ಬಾಣಂತಿಗೆ ಮೊಟ್ಟೆ ಇರುತ್ತಿರಲಿಲ್ಲ.

ವೀರೇಶ್ ಗೂಡನ್ನು ನೋಡಿದರು. ಶೇಷಪ್ಪನವರನ್ನು ನೋಡಿದರು.

"ಇವು ಬೆಕ್ಕಲ್ವೇನ್ರಿ?"

ಶೇಷಪ್ಪ ಗಣತಿಯ ಪುಸ್ತಕ ತೆರೆದರು. "ಈ ಊರಲ್ಲಿ ಬೆಕ್ಕಿಲ್ಲ ಸಾರ್."

"ಮತ್ತೆ ಇವು?"

"ಸದರಿ ಪ್ರಾಣಿ ಒಂಬತ್ತು, ಠರಾವಿನಲ್ಲಿದೆ. ಇಟ್ಟಿರೋದು ಕೋಳಿಗೂಡಲ್ಲಿ."

ವೀರೇಶ್ ಅವರ ಹಾಳೆಯಲ್ಲಿ 'ಜೀವಂತ ಇರುವವು' ಎಂಬ ಒಂದೇ ಕಲಂ ಇತ್ತು. ಒಂಬತ್ತು ಮತ್ತು ಒಂದು ಕೂಡಿಸಿ ಹತ್ತು ಎಂದು ಬರೆದರು. ಪೆನ್ನು ಮುಚ್ಚುವಾಗ ಅವರಿಗೆ ಏನೋ ನೆನಪಾಯಿತು.

"ಅಮ್ಮಾ, ಕೋಳಿ ಹಗಲು ಗೂಡಲ್ಲಿರಬಾರದು. ನಿಯಮ ನಾಲ್ಕು. ಬಾಗಿಲು ತೆಗೀರಿ."

ಗೂಡಿನೊಳಗೆ ಒಂಬತ್ತೂ ಎದ್ದು ನಿಂತವು. ಚುಕ್ಕಿ ಸೀತಕ್ಕನ ಕಂಕುಳಲ್ಲಿ ಕೊರಳು ಉದ್ದ ಮಾಡಿತು. ಆರು ತಿಂಗಳಲ್ಲಿ ಸೀತಕ್ಕ ಆ ಹಾಳೆಯನ್ನು ಶೇಷಪ್ಪನವರಿಗಿಂತ ಹೆಚ್ಚು ಸಲ ಓದಿಸಿ ಕೇಳಿದ್ದಳು.

"ಸೀಕು ಬಂದ ಕೋಳಿನ ಬೇರೆ ಕೂಡಿಹಾಕಬೇಕು ಅಂತ ನಿಯಮ ಹನ್ನೆರಡು ಇದೆಯಲ್ಲ ಸಾರ್?"

"ಇದೆ. ಇವಕ್ಕೆಂತ ಸೀಕು?"

"ಮೊಟ್ಟೆ ಇಡೂದಿಲ್ಲ. ಕೂಗೂದಿಲ್ಲ. ಗರಿ ಪೂರ್ತಿ ಉದುರಿ ಹೋಗ್ಯದೆ, ನೀವೇ ನೋಡಿ."

ವೀರೇಶ್ ಬಗ್ಗಿ ನೋಡಿದರು. ಗರಿ ಇರಲಿಲ್ಲ. ಅದನ್ನು ಹಾಗೆಯೇ ಬರೆದುಕೊಂಡರು: "ಒಂಬತ್ತಕ್ಕೆ ಗರಿ ಉದುರುವ ರೋಗ. ಪ್ರತ್ಯೇಕವಾಗಿ ಇಡಲಾಗಿದೆ. ಸಾವು ಇಲ್ಲ. ಫಲಾನುಭವಿಯು ಎಚ್ಚರಿಕೆಯಿಂದ ಇರುತ್ತಾರೆ."

ವರದಿ ಮೇಲಕ್ಕೆ ಹೋಯಿತು. ತಾಲೂಕಿನಲ್ಲಿ ಒಂದೂ ಸಾಯದ ಮನೆ ಇದೊಂದೇ ಆದ್ದರಿಂದ ಗಣರಾಜ್ಯೋತ್ಸವದ ದಿನ ಸೀತಕ್ಕನಿಗೆ ಶಾಲು ಹೊದಿಸಿದರು. ಪ್ರತಿ ತಿಂಗಳ ಮೊದಲ ಸೋಮವಾರ ಗರಿ ಬೆಳೆಯುವ ಔಷಧಿ ಬರತೊಡಗಿತು. ಅದನ್ನು ಅವಳು ಬಸಳೆ ಬಳ್ಳಿಯ ಬುಡಕ್ಕೆ ಹಾಕಿದಳು.

ಫೆಬ್ರವರಿ ಹೊತ್ತಿಗೆ ಊರಿನಲ್ಲಿ ಇಲಿ ಜಾಸ್ತಿಯಾದವು. ಒಂದು ಮಧ್ಯಾಹ್ನ ಜಟ್ಟಪ್ಪ ಬೇಲಿಯ ಆಚೆ ಬಂದು ನಿಂತ. ಕೈಯಲ್ಲಿ ಖಾಲಿ ಗೋಣಿಚೀಲವಿತ್ತು.

"ಸೀತಕ್ಕಾ, ಅಟ್ಟದಲ್ಲಿ ಒಂದು ಚೀಲ ಉಳಿಸ್ಲಿಲ್ಲ ಮಾರಾಯ್ತಿ, ಎಲ್ಲ ಕಡಿದು ಹಾಕಿದಾವೆ. ಒಂದು ಕೋಳಿ ಕೊಡ್ತೀಯಾ? ನಾಳೆ ಬೆಳಿಗ್ಗೆ ವಾಪಸ್ ತಂದ್ಕೊಡ್ತೀನಿ."

ಸೀತಕ್ಕ ಒಳಗೆ ಮಗಳಿಗೆ ಮೊಟ್ಟೆ ಬೇಯಲು ಇಟ್ಟು ಬಂದಿದ್ದಳು.

"ಯಾವುದು?"

"ಅದೇ, ಬೂದಿ ಪಟ್ಟೆದು. ಕಿವಿ ಹರಿದದ್ದು."

"ಕತ್ತಲಾದ ಮೇಲೆ ಬಾ," ಎಂದಳು ಸೀತಕ್ಕ. "ಸೀಕಿನ ಕೋಳಿ. ಹಗಲು ಹೊರಗೆ ಬಿಡೂ ಹಾಗಿಲ್ಲ."

ಜಟ್ಟಪ್ಪ ತಲೆಯಾಡಿಸಿ, ಗೋಣಿಚೀಲವನ್ನು ಬೇಲಿಯ ಮೇಲೆ ಹಾಕಿ, ಕತ್ತಲಾಗಲೆಂದು ಅಲ್ಲೇ ಕುಳಿತ.