ಗೀರು ಬೀಳದಂತೆ ಚಾಕು ಪರೀಕ್ಷಿಸುವ ಬಗ್ಗೆ

ಹಾದಿ ನಿರ್ವಹಣಾ ಕಚೇರಿ
(ಸಲಕರಣೆ ಪರೀಕ್ಷಾ ಶಾಖೆ)

ಸಂಖ್ಯೆ: ಸಲಕರಣೆ/ಚಾಕು/1/ಭಾಗ-3
ದಿನಾಂಕ: ಈ ತಿಂಗಳ ಹತ್ತೊಂಬತ್ತು

ಸುತ್ತೋಲೆ

ವಿಷಯ: ಹೊರಾಂಗಣ ಬಳಕೆಗಾಗಿ ಬಂದಿರುವ ದೊಡ್ಡ, ದಪ್ಪ ಅಲುಗಿನ, ಮಡಚಲು ಬಾರದ ಒಂದು (1) ಚಾಕುವನ್ನು ಅದಕ್ಕೆ ಯಾವ ಗೀರೂ ಬೀಳದಂತೆ ಪರೀಕ್ಷಿಸುವ ಬಗ್ಗೆ, ಹಾಗೂ ಈಗಾಗಲೇ ಬಿದ್ದಿರುವ ಗೀರಿನ ಬಗ್ಗೆ.

ಉಲ್ಲೇಖ:
1. ಹಾದಿ ಸವರುವ ತಂಡದ ಮುಖ್ಯಸ್ಥೆ (ಕಚೇರಿಯಲ್ಲಿ ಎಲ್ಲರೂ ಕರೆಯುವಂತೆ ‘ದೊಡ್ಡಕ್ಕ’) ಅವರ ಮನವಿ: “ನಮ್ಮ ಹಳೇ ಕತ್ತಿ ತಗೊಂಡು ಮುಳ್ಳುಕಂಟಿ ಕಡಿಯೋಕೆ ಹೋದ್ರೆ ಕಂಟಿನೇ ನಗುತ್ತೆ ಸಾರ್. ಒಂದು ಗಟ್ಟಿ ಚಾಕು ಕೊಡಿಸಿ.”
2. ಸದರಿಯವರ ಅದೇ ಮನವಿ, ಮರುವರ್ಷ.
3. ಸದರಿಯವರ ಅದೇ ಮನವಿ, ಅದರ ಮರುವರ್ಷ, ಕೆಂಪು ಶಾಯಿಯಲ್ಲಿ.
4. ಮಾದರಿ ಚಾಕುವಿನ ಜೊತೆ ತಯಾರಕರು ಕಳುಹಿಸಿದ ಪತ್ರ: “ಧಾರಾಳವಾಗಿ ಬಳಸಿ ನೋಡಿ.”
5. ಮಾದರಿ ವಸ್ತುಗಳನ್ನು ಬಂದ ಸ್ಥಿತಿಯಲ್ಲೇ ಹಿಂತಿರುಗಿಸತಕ್ಕದ್ದೆಂಬ ಕಚೇರಿಯ ನಿಯಮ.

ಉಲ್ಲೇಖ 4 ಮತ್ತು 5 ಒಂದಕ್ಕೊಂದು ಎಣ್ಣೆ ಸೀಗೆಕಾಯಿಯಂತೆ ಇರುವುದರಿಂದ, ಐದು ಜನರ ಪರೀಕ್ಷಾ ಸಮಿತಿಯು ಸದರಿ ಚಾಕುವನ್ನು ಮೊದಲ ನಾಲ್ಕು ತಿಂಗಳ ಕಾಲ ಕಣ್ಣಿನಿಂದ ಮಾತ್ರ ಪರೀಕ್ಷಿಸಿದೆ. ಅದು ಚಾಕುವೇ ಹೌದೆಂದು ನಾಲ್ಕು ಮತಗಳಿಂದ ತೀರ್ಮಾನವಾಗಿದೆ. ಐದನೆಯ ಸದಸ್ಯರು ಕನ್ನಡಕ ತಂದಿರಲಿಲ್ಲ.

ಈ ನಡುವೆ ಹದಿನಾಲ್ಕರಂದು ಬೆಟ್ಟದ ಹಾದಿಯಲ್ಲಿ ನಡೆದ ಘಟನೆಯ ಸಂಬಂಧ, ‘ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು?’ ಎಂದು ದೊಡ್ಡಕ್ಕ ಅವರಿಗೆ ನೋಟೀಸು ಕೊಡಲಾಗಿದ್ದು, ಅವರ ಉತ್ತರವೂ ಬಂದಿದೆ. ಅದರ ತೀರ್ಮಾನವನ್ನು ಭಾಗ ಇ-ಯಲ್ಲಿ ತಿಳಿಸಲಾಗಿದೆ. ಸಿಬ್ಬಂದಿಯು ನೇರವಾಗಿ ಅಲ್ಲಿಗೆ ಹಾರದೆ, ಎಲ್ಲ ಅಂಶಗಳನ್ನೂ ಕ್ರಮವಾಗಿ ಓದಿಕೊಂಡು ಬರುವುದು.

ಭಾಗ ಅ: ಪರೀಕ್ಷೆಯ ವಿಧಾನ

1. ಚಾಕು ಹೊರಾಂಗಣದ್ದಾದ್ದರಿಂದ ಪರೀಕ್ಷೆಯೂ ಹೊರಾಂಗಣದಲ್ಲೇ ನಡೆಯತಕ್ಕದ್ದು. ಸಭಾ ಕೊಠಡಿಯ ಎರಡೂ ಕಿಟಕಿಗಳನ್ನು ತೆರೆದಲ್ಲಿ ಅದನ್ನು ಹೊರಾಂಗಣವೆಂದು ಪರಿಗಣಿಸಲಾಗುವುದು. ಒಂದೇ ಕಿಟಕಿ ತೆರೆದಲ್ಲಿ ಅದು ಜಗಲಿ.

2. ಕಡಿಯುವ ಪರೀಕ್ಷೆಗಾಗಿ ತರಿಸಿದ ಕೊರಡಿಗೆ ಉಗ್ರಾಣದವರು ದಾಸ್ತಾನು ಸಂಖ್ಯೆ ಹಾಕಿಬಿಟ್ಟಿದ್ದಾರೆ. ಹಾಗಾಗಿ ಕೊರಡಿಗೂ ಗೀರು ಬೀಳುವಂತಿಲ್ಲ. ಚಾಕುವನ್ನು ಜೋರಾಗಿ ಬೀಸಿ, ಕೊರಡಿನಿಂದ ನಾಲ್ಕು ಬೆರಳು ಮೇಲೆ ನಿಲ್ಲಿಸತಕ್ಕದ್ದು. ಕೊರಡು ತುಂಡಾಗುತ್ತಿತ್ತೇ ಇಲ್ಲವೇ ಎಂಬ ತಮ್ಮ ಅಭಿಪ್ರಾಯವನ್ನು ಸದಸ್ಯರು ಚೀಟಿಯಲ್ಲಿ ಬರೆದು ಮಡಚಿ ಕೊಡುವುದು.

3. ಮಳೆಯ ಪರೀಕ್ಷೆ: ಚಾಕುವನ್ನು ಒರೆಯಲ್ಲಿಟ್ಟು, ಒರೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದರ ಮೇಲೆ ಕೊಡೆ ಹಿಡಿದು ನೀರು ಚಿಮುಕಿಸತಕ್ಕದ್ದು. ಕೊಡೆಗೆ ತುಕ್ಕು ಹಿಡಿದಲ್ಲಿ ಪ್ರತ್ಯೇಕ ಕಡತ ತೆರೆಯುವುದು.

4. ಬೀಳಿಸುವ ಪರೀಕ್ಷೆಯನ್ನು ಲೆಕ್ಕಿಗರ ಕುರ್ಚಿಯ ದಿಂಬಿನ ಮೇಲೆ ಮಾಡಲು ಮೊದಲು ಸೂಚಿಸಲಾಗಿತ್ತು. ಮೊದಲ ಸಲವೇ ಚಾಕು ದಿಂಬನ್ನು ದಾಟಿ, ಕುರ್ಚಿಯ ಹಲಗೆಯನ್ನೂ ದಾಟಿ, ತುದಿ ಕೆಳಗೆ ಇಣುಕಿ ನೋಡಿದೆ. ಆ ಹೊತ್ತಿಗೆ ಲೆಕ್ಕಿಗರು ಊಟಕ್ಕೆ ಹೋಗಿದ್ದುದು ಇಡೀ ಶಾಖೆಯ ಪುಣ್ಯ. ಇನ್ನು ಮುಂದೆ ಬೀಳಿಸುವ ಮುನ್ನ ಕುರ್ಚಿ ಖಾಲಿ ಇದೆಯೇ ಎಂದು ಒಮ್ಮೆ ಕೇಳಿಕೊಳ್ಳುವುದು.

5. ಬೆವರಿದ ಕೈಯಲ್ಲಿ ಹಿಡಿ ಜಾರುತ್ತದೆಯೇ ಎಂದು ನೋಡಬೇಕಾಗಿದೆ. ಬೆವರು ಬರಿಸುವ ಸಲುವಾಗಿ ಸದಸ್ಯರು ಮೆಟ್ಟಿಲನ್ನು ಹತ್ತು ಸಲ ಹತ್ತಿ ಇಳಿಯತಕ್ಕದ್ದು. ಮಂಡಿ ನೋವಿರುವವರು ಕುಳಿತಲ್ಲೇ ತಮ್ಮ ಬಡ್ತಿಯ ಕಡತವನ್ನು ನೆನೆಸಿಕೊಂಡರೂ ಸಾಕು.

ಭಾಗ ಆ: ಅನಧಿಕೃತ ಬಳಕೆ

6. ಸಮಿತಿಯು ಇಷ್ಟು ಮುತುವರ್ಜಿಯಿಂದ ಪರೀಕ್ಷಿಸುತ್ತಿರುವಾಗಲೇ ಸಿಬ್ಬಂದಿಯು, ಪರೀಕ್ಷೆಗೆಂದು ಬೀರುವಿನಿಂದ ಹೊರತೆಗೆದಿದ್ದ ಚಾಕುವನ್ನು ಬೇಕಾಬಿಟ್ಟಿ ಬಳಸಿರುವುದು ಗಮನಕ್ಕೆ ಬಂದಿದೆ. ಬೆರಳಚ್ಚುಗಾರ್ತಿಯವರು ಬಿಗಿದುಕೊಂಡಿದ್ದ ಮೇಜಿನ ಖಾನೆಯನ್ನು ಇದರಿಂದ ಮೀಟಿ ತೆಗೆದಿದ್ದಾರೆ. (ಆರು ವರ್ಷದಿಂದ ಕಾಣೆಯಾಗಿದ್ದ ಕಚೇರಿಯ ಮೊಹರು ಒಳಗಿತ್ತು. ಇಲ್ಲಿ ಒತ್ತಿರುವುದು ಅದನ್ನೇ.) ಕಾವಲುಗಾರರು ಚಹಾದ ಒಲೆಗೆ ಸೌದೆ ಸೀಳಿದ್ದಾರೆ. ಲೆಕ್ಕಿಗರ ಹುಟ್ಟುಹಬ್ಬದಂದು ಕೇಕು, ಕೇಕಿನ ಕೆಳಗಿನ ರಟ್ಟು, ರಟ್ಟಿನ ಕೆಳಗಿನ ಮೇಜುಬಟ್ಟೆ, ಮೂರೂ ಒಂದೇ ಏಟಿಗೆ ಎರಡಾಗಿವೆ. ಖಾನೆ, ಸೌದೆ, ಕೇಕು ಯಾವುದೂ ಅನುಮೋದಿತ ಸಾಮಗ್ರಿಗಳ ಪಟ್ಟಿಯಲ್ಲಿ ಇಲ್ಲವಾದ್ದರಿಂದ, ಚಾಕು ಹರಿತವಾಗಿದೆ ಎಂಬುದು ಇನ್ನೂ ಸಾಬೀತಾಗಿಲ್ಲ.

7. ಪರೀಕ್ಷೆ ಮುಗಿಯುವವರೆಗೆ ಚಾಕುವನ್ನು ಯಾರೂ ಚಾಕುವಿನಂತೆ ಬಳಸಕೂಡದು.

ಭಾಗ ಇ: ಹದಿನಾಲ್ಕರ ಘಟನೆ

8. ಅಂದು ಬೆಳಿಗ್ಗೆ ಈ ಸುತ್ತೋಲೆಗೆ ಸಹಿ ಮಾಡಿರುವ ಶಾಖಾಧಿಕಾರಿಯು ಬೆಟ್ಟದ ಹಾದಿಯ ತಪಾಸಣೆಗೆಂದು ತಾವೇ ಜೀಪು ಓಡಿಸಿಕೊಂಡು ಹೋಗಿದ್ದು, ಮೂರನೆಯ ತಿರುವಿನಲ್ಲಿ ಒಂದು ಒಣಮರವು ಯಾವ ಮುನ್ಸೂಚನೆಯನ್ನೂ ಕೊಡದೆ ಜೀಪಿನ ಮೇಲೆ ಬಿದ್ದಿದೆ. ಕೊಂಬೆಗಳು ಎರಡೂ ಬಾಗಿಲುಗಳನ್ನು ಒತ್ತಿ ಹಿಡಿದವು. ಸೀಟಿನ ಪಟ್ಟಿ ಬಿಗಿದುಕೊಂಡಿತು. ಬಲಗೈ ಸ್ಟೀರಿಂಗ್ ಚಕ್ರದ ಸಂದಿಗೆ ಸಿಕ್ಕಿಕೊಂಡಿತು. ಜೀಪು ಹಾದಿಯ ಅಂಚಿಗೆ ವಾಲಿದ್ದು, ಅಡಿಯ ಮಣ್ಣು ಹಿಡಿಹಿಡಿಯಾಗಿ ಕೆಳಗಿನ ಕಂದಕಕ್ಕೆ ಜರುಗುತ್ತಿತ್ತು. ಈ ಹಂತದಲ್ಲಿ ಭಯಪಡಲಾಯಿತು. ನಂತರ ಕೂಗಿಕೊಳ್ಳಲಾಯಿತು.

9. ಕೂಗು ಕೇಳಿ ಬಂದ ದೊಡ್ಡಕ್ಕ ಮತ್ತು ತಂಡದವರು ಹಳೆಯ ಕತ್ತಿಗಳಿಂದ ಇಪ್ಪತ್ತು ನಿಮಿಷ ಕಡಿದಿದ್ದು, ಮರದ ತೊಗಟೆಗೆ ಸ್ವಲ್ಪ ತುರಿಕೆ ಶಮನವಾದಂತಾಯಿತೇ ಹೊರತು ಬೇರೇನೂ ಆಗಲಿಲ್ಲ. ಆಗ ದೊಡ್ಡಕ್ಕ ತಂಡದವರನ್ನು ಜೀಪಿಗೆ ಹಗ್ಗ ಬಿಗಿದು ಹಿಡಿದಿರಲು ಹೇಳಿ, ಕಚೇರಿಗೆ ಓಡಿ, ಬೀರು ತೆರೆದು, ರಿಜಿಸ್ಟರಿನಲ್ಲಿ ಸಹಿ ಮಾಡದೆ ಸದರಿ ಚಾಕುವನ್ನು ತಂದಿದ್ದಾರೆ. ಅದರಿಂದ ತೋಳುಗಾತ್ರದ ಏಳು ಕೊಂಬೆಗಳನ್ನು ಕಡಿದು, ಎಂಟನೆಯದನ್ನು ಚಾಕುವಿನ ಬೆನ್ನಿಗೆ ಕೊರಡಿನಿಂದ ಬಡಿದು ಸೀಳಿ, ಬಾಗಿಲನ್ನು ಮೀಟಿ, ಸೀಟಿನ ಪಟ್ಟಿಯನ್ನು ಕುಯ್ದು, ಅಧಿಕಾರಿಯನ್ನು ಕಾಲರು ಹಿಡಿದು ಹೊರಗೆಳೆದಿದ್ದಾರೆ. ‘ಬದುಕಿದೆಯಾ ಬಡಜೀವವೇ’ ಎಂದು ಭಾವಿಸಲಾಯಿತು.

10. ಮರುದಿನ ಸಮಿತಿಯು ಚಾಕುವಿನ ಅಲುಗಿನ ಮೇಲೆ ಅರ್ಧ ಬೆರಳುದ್ದದ ಒಂದು ಗೀರನ್ನು ಪತ್ತೆ ಹಚ್ಚಿತು. ರಿಜಿಸ್ಟರಿನಲ್ಲಿ ಸಹಿ ಇರಲಿಲ್ಲ. ಬೀರುವನ್ನು ದೊಡ್ಡಕ್ಕ ಹೇಗೆ ತೆರೆದರು ಎಂದು ಸಮಿತಿ ಕೇಳಿದಾಗ ಅಧಿಕಾರಿಯಿಂದ ಬೇರೊಂದು ಕಡತವನ್ನು ತೆರೆದು ನೋಡಲಾಯಿತು. ಪದ್ಧತಿಯಂತೆ ನೋಟೀಸು ತಯಾರಾಯಿತು. ಪದ್ಧತಿಯಂತೆ ಅದಕ್ಕೆ ಸಹಿಯೂ ಬಿತ್ತು.

11. ದೊಡ್ಡಕ್ಕ ಅವರ ಉತ್ತರವನ್ನು ಇದ್ದ ಹಾಗೆಯೇ ಕೊಡಲಾಗಿದೆ: “ಸಾಹೇಬ್ರು ಜೀಪೊಳಗಿದ್ರು, ಚಾಕು ಬೀರುವೊಳಗಿತ್ತು. ಇದನ್ನ ಹೊರಗೆ ತೆಗೀದೆ ಅವರನ್ನ ಹೊರಗೆ ತೆಗಿಯೋಕಾಗ್ತಿರ್ಲಿಲ್ಲ. ಸಹಿ ಮಾಡ್ದೆ ಇದ್ದಿದ್ದು ನನ್ನದೇ ತಪ್ಪು. ಇನ್ನೊಂದ್ಸಲ ಮರ ಬಿದ್ದಾಗ ಮೊದಲು ರಿಜಿಸ್ಟರ್ ತರ್ತೀನಿ. ಆದ್ರೆ ಚಾಕು ಮಾತ್ರ ಚಿನ್ನದಂಥದ್ದು ಸಾರ್, ನನ್ನ ತೆಗೆದ್ರೂ ಪರವಾಗಿಲ್ಲ, ಹುಡುಗೀರಿಗೆ ಇಂಥದ್ದನ್ನೇ ಕೊಡಿಸಿ.” (ಇಲ್ಲಿ ‘ಹುಡುಗೀರು’ ಎಂದರೆ ತಂಡದ ಉಳಿದ ಆರು ಜನ. ಎಲ್ಲರಿಗೂ ಮೊಮ್ಮಕ್ಕಳಿದ್ದಾರೆ.)

12. ಬೀರುವಿನ ಕೀಲಿಯ ವಿಷಯವನ್ನು ದೊಡ್ಡಕ್ಕ ತಮ್ಮ ಉತ್ತರದಲ್ಲಿ ಎಲ್ಲೂ ಬರೆದಿಲ್ಲ. ಅದನ್ನು ಗಮನಿಸಿದ ಅಧಿಕಾರಿಗೆ ಎರಡು ದಿನ ಊಟ ಸೇರಿಲ್ಲ. ಸದರಿ ಕೀಲಿಯು ಒಂದೇ ಇದ್ದು, ಅದು ಸದಾ ಶಾಖಾಧಿಕಾರಿಯ ಜೇಬಿನಲ್ಲೇ ಇರುತ್ತದೆ. ಜೀಪಿನ ಕಿಟಕಿಯ ಸಂದಿನಿಂದ ಅದನ್ನು ಎಸೆದು, “ಬೇಗ ಓಡು ತಾಯೀ, ರಿಜಿಸ್ಟರ್ ಮನೆ ಹಾಳಾಗ್ಲಿ!” ಎಂದು ಕೂಗಿದವನು ನಾನು. ಸುತ್ತೋಲೆಯಲ್ಲಿ ‘ನಾನು’ ಎಂದು ಬರೆಯಕೂಡದೆಂಬ ನಿಯಮವನ್ನು ಈ ಒಂದು ವಾಕ್ಯದ ಮಟ್ಟಿಗೆ ಸಡಿಲಿಸಲಾಗಿದೆ.

13. ಮೇಲ್ಕಂಡ ಕಾರಣಗಳಿಗಾಗಿ ನೋಟೀಸನ್ನು ಈ ಕೂಡಲೇ ಹಿಂಪಡೆಯಲಾಗಿದೆ. ನೋಟೀಸು ಕೊಟ್ಟಿದ್ದಕ್ಕಾಗಿ ನಾಚಿಕೆಪಡಲಾಗಿದೆ.

14. ಹದಿನಾಲ್ಕರ ಘಟನೆಯನ್ನು ಅಧಿಕೃತ ಹೊರಾಂಗಣ ಪರೀಕ್ಷೆಯೆಂದು ಪರಿಗಣಿಸತಕ್ಕದ್ದು. ಅಂದು ಯಾವ ಕಿಟಕಿಯನ್ನೂ ತೆರೆಯುವ ಅಗತ್ಯ ಬಿದ್ದಿರುವುದಿಲ್ಲ. ಜೀಪಿನಲ್ಲಿ ಸಿಕ್ಕಿಕೊಂಡಿದ್ದ ಅಧಿಕಾರಿಯನ್ನು ಪರೀಕ್ಷಾ ಸಾಮಗ್ರಿಯೆಂದು ಪಟ್ಟಿಗೆ ಸೇರಿಸಲಾಗಿದ್ದು, ಸದರಿ ಸಾಮಗ್ರಿಯನ್ನು ಬಹುಮಟ್ಟಿಗೆ ಬಂದ ಸ್ಥಿತಿಯಲ್ಲೇ ಅವರ ಮನೆಗೆ ತಲುಪಿಸಲಾಗಿದೆ. ಪತ್ನಿಯವರು ಎರಡು ಸಲ ತಿರುಗಿಸಿ ನೋಡಿ ಸ್ವೀಕರಿಸಿದ್ದಾರೆ.

15. ಚಾಕು ಉತ್ತೀರ್ಣವಾಗಿದೆ. ಇಂಥ ಆರು ಚಾಕುಗಳನ್ನು ತಂಡಕ್ಕೆ ತರಿಸಲು ಈ ಮೂಲಕ ಆದೇಶಿಸಲಾಗಿದೆ. ಆರೇ ಏಕೆ, ತಂಡದಲ್ಲಿ ಏಳು ಜನರಿದ್ದಾರಲ್ಲ ಎಂದು ಲೆಕ್ಕಿಗರು ಕೇಳಕೂಡದು. ಕೆಳಗಿನ ಪ್ರತಿಗಳ ಪಟ್ಟಿಯನ್ನು ನೋಡಿಕೊಳ್ಳುವುದು.

(ಸಹಿ)
ಶಾಖಾಧಿಕಾರಿ
ಸಲಕರಣೆ ಪರೀಕ್ಷಾ ಶಾಖೆ
(ಬಲಗೈಗೆ ಕಟ್ಟು ಹಾಕಿರುವುದರಿಂದ ಎಡಗೈಯಲ್ಲಿ ಸಹಿ ಮಾಡಲಾಗಿದೆ. ಅಕ್ಷರ ಮೊದಲಿಗಿಂತ ಚೆನ್ನಾಗಿದೆ ಎಂದು ಬೆರಳಚ್ಚುಗಾರ್ತಿಯವರ ಅಭಿಪ್ರಾಯ.)

ಪ್ರತಿಗಳು:
1. ಚಾಕು ತಯಾರಕರಿಗೆ – ಮಾದರಿಯನ್ನು ಹಿಂತಿರುಗಿಸಲಾಗುವುದಿಲ್ಲ ಎಂದು ಸಂತೋಷದಿಂದ ತಿಳಿಸುತ್ತಾ.
2. ಪರೀಕ್ಷಾ ಸಮಿತಿಯ ಐದನೆಯ ಸದಸ್ಯರಿಗೆ – ದಪ್ಪ ಅಕ್ಷರಗಳಲ್ಲಿ.
3. ಲೆಕ್ಕಿಗರಿಗೆ – ಹೊಸ ಕುರ್ಚಿ ಬರುವವರೆಗೆ ನಿಂತುಕೊಂಡು ಓದಲು.
4. ಕಾವಲುಗಾರರಿಗೆ – ಒಲೆಗೆ ಹಾಕುವ ಮುನ್ನ ಒಮ್ಮೆ ಓದಲು.
5. ಶಾಖಾಧಿಕಾರಿಯ ಪತ್ನಿಯವರಿಗೆ – ಮಾಹಿತಿಗಾಗಿ. ಅಡುಗೆಮನೆಗೂ ಇಂಥದ್ದೊಂದು ಬೇಕೆಂಬ ಅವರ ಮೌಖಿಕ ಕೋರಿಕೆಯು ಪರಿಶೀಲನೆಯಲ್ಲಿದೆ.
6. ದೊಡ್ಡಕ್ಕ ಅವರಿಗೆ – ಚಾಕು ಸಮೇತ. ಸಹಿ ಬೇಕಾಗಿಲ್ಲ.