ಸಾವ್ಕಾರನ ಸೂಜಿ

ಸಿಟ್ಟು ಬಂದಾಗ ಬರೆಯಬಾರದು ಎನ್ನುತ್ತಾರೆ. ಇಳಿದ ಮೇಲೆ ಬರೆಯೋಣವೆಂದರೆ ನನ್ನ ಸಿಟ್ಟು ಇಳಿಯುವ ಲಕ್ಷಣ ಕಾಣುತ್ತಿಲ್ಲ. ಐದನೇ ಇಯತ್ತೆಗೆ ಸಾಲಿ ಬಿಟ್ಟು ಎತ್ತುಗಳ ಬೆನ್ನು ಹತ್ತಿದವನು ನಾನು; ಬರವಣಿಗೆಯಲ್ಲಿ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ. ನನ್ನನ್ನು ತಿದ್ದುವ ಕೆಲಸವನ್ನು ತಂಗಿ ವಹಿಸಿಕೊಂಡಿದ್ದಾಳೆ.

ಸಿಟ್ಟು ಮೊದಲು ನಾಯಿಯ ಮೇಲೆ. ತಂಗಿ ಶಾಂತವ್ವ ಕಿತ್ತೂರಿನಲ್ಲಿ ಹೈವೇ ಪಕ್ಕದ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿದಳು. ಬಾಡಿಗೆ ಖೋಲಿಯ ಮಾಲಕ ನಾಯಿ ಬೇಡವೆಂದ. ಅವಳು ಅದನ್ನು ದೊಡವಾಡಕ್ಕೆ ತಂದು ನನ್ನ ಕಟ್ಟೆಗೆ ಬಿಟ್ಟಳು. ಮೊಲದಷ್ಟು ಗಾತ್ರ, ಹಿಂಜಿದ ಹತ್ತಿಯಂಥ ಬಿಳಿ ಮೈ, ಹೆಸರು ಸಾವ್ಕಾರ. ಮೊದಲ ದಿನವೇ, "ಸಾವ್ಕಾರ, ಬಾ ಇಲ್ಲೆ, ಮೈಯೆಲ್ಲಾ ರಾಡಿ ಮಾಡ್ಕೊಂಡಿ" ಎಂದು ಬೀದಿಯಲ್ಲಿ ಕೂಗಿದೆ. ಎದುರು ಮನೆಯ ನಿಜವಾದ ಸಾವಕಾರರು ಬಗ್ಗಿ ತಮ್ಮ ಧೋತರ ನೋಡಿಕೊಂಡರು. ಹೆಸರಿಟ್ಟವಳು ತಂಗಿ, ಅವರು ಮಾತು ಬಿಟ್ಟದ್ದು ನನ್ನ ಜೊತೆ. ಇನ್ನು ನಾಯಿಯೋ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸದಿದ್ದರೆ ಮೂಸಿಯೂ ನೋಡುವುದಿಲ್ಲ. ನನಗೆ ಜ್ವರ ಬಂದಾಗಲೂ ಯಾರೂ ಹಾಲಿನಲ್ಲಿ ರೊಟ್ಟಿ ನೆನೆಸಿ ಕೊಟ್ಟಿಲ್ಲ.

ಹೋಗುವಾಗ ಶಾಂತವ್ವ, ವೈನಿಯೆಂದು ತಾನು ಕರೆಯುವ ನನ್ನ ಹೆಂಡತಿಯ ಎದುರಿಗೇ, ಹೇಳಿದ್ದು ಇಷ್ಟೇ. "ಅಣ್ಣಾ, ತಿನ್ನಾಕ ಹಾಕೂದು ವೈನಿ ನೋಡ್ಕೋತಾಳ. ಹುಚ್ಚುನಾಯಿ ರೋಗದ ಸೂಜಿ ಮಾಡ್ಸೂದು ಮಾತ್ರ ನಿಂದು."

ದನದ ಡಾಕ್ಟರು ನಮ್ಮೂರಿಗೆ ಬರುವುದು ಸೋಮವಾರ. ಅಂದು ಬಸವಣ್ಣನ ವಾರವೆಂದು ನಾವು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಊರಿನ ಎತ್ತೆಲ್ಲ ಮೈ ತೊಳೆಸಿಕೊಂಡು, ಕೋಡಿಗೆ ಎಣ್ಣೆ ಸವರಿಸಿಕೊಂಡು ಗುಡಿಯ ಮುಂದೆ ಸಾಲು ನಿಲ್ಲುತ್ತವೆ. ಅದು ಸೂಜಿಯ ಸಾಲು ಮಾತ್ರವಲ್ಲ, ಯಾರ ಎತ್ತು ಹೇಗಿದೆ ಎಂದು ಊರೇ ನೋಡುವ ಸಾಲು. ಅಂಥ ಕಡೆ ಹತ್ತಿಯುಂಡೆಯನ್ನು ಎತ್ತಿಕೊಂಡು ನಿಲ್ಲುವುದು ಹೇಗೆ? ಆದರೂ ಒಂದು ಸಲ ಹೊರಟೆ. ಗೆಳೆಯ ಮಲ್ಲೇಶಿ ದೂರದಿಂದಲೇ ಕೂಗಿದ: "ಏನಪಾ ಬಸಣ್ಣ, ಇದನ್ನ ಎಡಕ್ಕ ಹೂಡ್ತಿಯೋ ಬಲಕ್ಕ ಹೂಡ್ತಿಯೋ?" ಸಾಲಿಗೆ ಸಾಲೇ ನಕ್ಕಿತು. ನಾಯಿಯನ್ನು ಮನೆಯಲ್ಲಿ ಕಟ್ಟಿ, ಎತ್ತು ಎಮ್ಮೆಗಳನ್ನು ಹೊಡೆದುಕೊಂಡು ಬಂದೆ. ಅವಕ್ಕೆಲ್ಲ ಸೂಜಿಯಾಯಿತು. ಸಂಜೆ ಶಾಂತವ್ವ ಫೋನಿನಲ್ಲಿ ಕೇಳಿದಾಗ, "ಸಾವ್ಕಾರಂದೂ ಆಗೇತಿ ತೊಗೊ" ಎಂದುಬಿಟ್ಟೆ. ಮುಂದಿನ ಸೋಮವಾರ ಮಾಡಿಸಿದರಾಯಿತು ಎಂದುಕೊಂಡಿದ್ದೆ. ಮುಂದಿನ ಸೋಮವಾರವೂ ಮಲ್ಲೇಶಿ ಅಲ್ಲೇ ಇದ್ದ.

ಮೊನ್ನೆ ಅವಳು ಹೇಗೋ ಒಂದು ದಿನದ ರಜೆ ಗಿಟ್ಟಿಸಿ ಬಂದಳು. ನಾಯಿ ಹಿಗ್ಗಿಗೆ ಮೈಮೇಲೆ ಹಾರಿ, ಕೈಯಲ್ಲಿದ್ದ ಕರದಂಟು ಕಿತ್ತುಕೊಳ್ಳುವಾಗ ಹಲ್ಲು ತಾಗಿಸಿತು. ರಕ್ತ ಬಂತು. ನಾನು ಬಡಿಗೆ ಹುಡುಕತೊಡಗಿದೆ. ಅವಳು ಸೆರಗಿನಿಂದ ಒರೆಸಿಕೊಂಡು ನಕ್ಕಳು. "ಬಿಡೋ, ಅದನ್ಯಾಕ ಬಡೀತಿ. ಸೂಜಿ ಆಗೇತೆಲ್ಲಾ, ಏನೂ ಆಗೂದಿಲ್ಲ."

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ನನ್ನನ್ನು ನಂಬಿಕೊಂಡೇ ಕಿತ್ತೂರಿನ ಬಸ್ಸು ಹತ್ತುತ್ತಿದ್ದಳು. ಚಹಾ ತಣ್ಣಗಾಗುವವರೆಗೆ ನಾನು ಬಾಯಿ ಮುಚ್ಚಿಕೊಂಡೇ ಇದ್ದೆ ಎನ್ನುವುದನ್ನೂ ಬರೆದುಬಿಡುತ್ತೇನೆ. ಆಮೇಲೆ ತಡೆಯಲಾಗಲಿಲ್ಲ.

"ಶಾಂತಾ, ಸೂಜಿ ಆಗಿಲ್ಲ."

"ಯಾವ ಸೂಜಿ?"

"ನಾಯೀದು. ಎತ್ತಿಂದು ಆಗೇತಿ."

"ನನಗೇನು ಎತ್ತು ಕಚ್ಚೇತೇನು?"

ನನ್ನ ಹೆಂಡತಿ ಅವಳನ್ನು ನಳದ ಕೆಳಗೆ ಎಳೆದೊಯ್ದು ಸಾಬೂನು ಹಚ್ಚಿ ಗಾಯ ತೊಳೆದಳು, ತೊಳೆಯುತ್ತಲೇ ನನ್ನನ್ನೂ ತೊಳೆದಳು. ತಂಗಿಯನ್ನು ಬೈಕಿನ ಮೇಲೆ ಬೈಲಹೊಂಗಲದ ಆಸ್ಪತ್ರೆಗೆ ಕರೆದೊಯ್ದೆ. ನರ್ಸಬಾಯಿ, "ನಾಯಿಗೆ ಸೂಜಿ ಆಗೇತೇನವಾ?" ಎಂದು ಕೇಳಿದಾಗ ತಂಗಿ ನನ್ನ ಕಡೆ ಬೆರಳು ಮಾಡಿದಳು. "ಇವ್ರನ್ನ ಕೇಳ್ರಿ. ಭಾಳ ಮರ್ಯಾದಿ ಮಂದಿ." ಅಲ್ಲಿಯೂ ಒಂದು ಸಾಲಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

ಸೂಜಿ ಚುಚ್ಚಿಸಿಕೊಂಡು ಹೊರಗೆ ಬಂದವಳು ಮೆಲ್ಲಗೆ, "ಆಗಿಲ್ಲ ಅಂದಿದ್ರ ನಾನ ಬಂದು ಮಾಡಿಸ್ತಿದ್ನೆಲ್ಲೋ ಅಣ್ಣಾ" ಎಂದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳಿನ್ನೂ ಕೆಲವು ಸಲ ಸೂಜಿಗೆ ಹೋಗಬೇಕು, ಪ್ರತಿ ಸಲವೂ ಖಾನಾವಳಿಯವರ ಮುಂದೆ ರಜೆಗೆ ಕೈಯೊಡ್ಡಬೇಕು.

ನಾಯಿ ಹತ್ತು ದಿನ ಹೇಗಿರುತ್ತದೆಂದು ನೋಡಿಕೊಳ್ಳಲು ನರ್ಸಬಾಯಿ ಹೇಳಿದ್ದಾರೆ. ಈಗ ಬೆಳಗಾದರೆ ಅದರ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತೇನೆ. ಅದು ನೀರು ಕುಡಿದರೆ ನನಗೆ ಜೀವ ಬರುತ್ತದೆ. ಅಷ್ಟರಲ್ಲಿ ತಂಗಿಯ ಫೋನು.

"ನೀರು ಕುಡೀತೇನು?"

"ಕುಡೀತು."

"ವೈನಿ ಕೈಯಾಗ ಫೋನ್ ಕೊಡು."

ನನ್ನ ಕಣ್ಣಾರೆ ಕಂಡ ನಿಜಕ್ಕೂ ಹೆಂಡತಿಯ ಸಾಕ್ಷಿ ಬೇಕು. ಮೈಯೆಲ್ಲ ಉರಿಯುತ್ತದೆ. ಯಾರಿಗೆ ಬೈಯಲೆಂದು ಸುತ್ತ ನೋಡುತ್ತೇನೆ. ನಾಯಿ ಹೊಟ್ಟೆ ತುಂಬಿಸಿಕೊಂಡು ಆರಾಮ ಮಲಗಿರುತ್ತದೆ. ಹೆಂಡತಿ ಫೋನಿನಲ್ಲಿ ಇದ್ದದ್ದನ್ನು ಇದ್ದಂತೆ ಹೇಳುತ್ತಿರುತ್ತಾಳೆ. ಬೈಸಿಕೊಳ್ಳಲು ಲಾಯಕ್ಕಾದವನು ಮನೆಯಲ್ಲಿ ಒಬ್ಬನೇ ಉಳಿದಿರುತ್ತಾನೆ. ಅವನು ಕುಕ್ಕರುಗಾಲಲ್ಲಿ ಕೂತಿರುತ್ತಾನೆ.