ತೌರಿನ ಹೆಸರು

ಮಗಳ ನಾಮಕರಣದ ದಿನ ಬೆಳಿಗ್ಗೆ ಆರು ಗಂಟೆಗೆ ಚೈತ್ರಶ್ರೀ ಗಿಳಿಹಸಿರು ರೇಷ್ಮೆ ಸೀರೆಯೊಂದನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಕಂಕುಳಲ್ಲಿ ಅವುಚಿಕೊಂಡು, ಕೊಟ್ಟಿಗೆಯ ಹಿಂದೆ ಕಳ್ಳಿಯ ಹಾಗೆ ನಿಂತಿದ್ದಳು. ಮೂರು ತಿಂಗಳ ಬಾಣಂತಿ ನಿಲ್ಲುವ ಜಾಗ ಅದಲ್ಲ. ಆದರೆ ಅವಳಿಗೆ ಲಂಚ ಕೊಡುವುದಿತ್ತು.

ಕಾರಣ ಸಣ್ಣದು. ಕುಂದೂರು ಕಡೆಯ ತೋಟಪ್ಪನವರಿಗೆ ಚೈತ್ರ ಒಬ್ಬಳೇ ಮಗಳು. ಅವರ ಮನೆತನದ ಹೆಸರು ನೇರಳೆಮನೆ. ಮದುವೆಯಾಗಿ ಬೆಳಗೋಡಿನ ಈ ಮನೆಗೆ ಬಂದ ಮೇಲೆ ಅವಳ ಹೆಸರಿನ ಬಾಲದಿಂದ ನೇರಳೆಮನೆ ಉದುರಿ, ಆ ಜಾಗದಲ್ಲಿ ಪಟೇಲ್ ಬಂದು ಕೂತಿತ್ತು. ಇನ್ನು ಉಳಿದಿದ್ದು ಅಪ್ಪ. ಅಪ್ಪನ ನಂತರ ಆ ಹೆಸರಿಟ್ಟು ಕೂಗಿದರೆ 'ಓ' ಎನ್ನುವವರು ಯಾರೂ ಇರುವುದಿಲ್ಲ ಎಂಬ ಯೋಚನೆ, ಹಾಲೂಡಿಸುತ್ತಾ ಕೂತ ಹೊತ್ತಿನಲ್ಲೆಲ್ಲ ಅವಳನ್ನು ಕೊರೆಯುತ್ತಿತ್ತು. ಅವಳು ಪಾಠ ಹೇಳುವ ಶಾಲೆಯಲ್ಲಿ ಟೀಚರೊಬ್ಬರು ತಮ್ಮ ತೌರಿನ ಮನೆತನದ ಹೆಸರನ್ನೇ ಮಗನಿಗೆ ಇಟ್ಟಿದ್ದರು. ಹಾಗಿದ್ದ ಮೇಲೆ ತನ್ನ ಮಗಳು 'ನೇರಳೆ' ಯಾಕಾಗಬಾರದು?

ಆದರೆ ಈ ಮನೆಯ ಪದ್ಧತಿಯಲ್ಲಿ ಹೆಸರಿಡುವವಳು ತಾಯಿಯಲ್ಲ, ಸೋದರತ್ತೆ. ಅವಳು ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಮೂರು ಸಲ ಉಸುರಿದ್ದೇ ಹೆಸರು. ಆಮೇಲೆ ಮನೆದೇವರೇ ಎದ್ದು ಬಂದರೂ ತಿದ್ದುವಂತಿಲ್ಲ. ಆ ಸೋದರತ್ತೆ ದ್ರಾಕ್ಷಾಯಣಿ, ಗಂಡ ವಸಂತನ ಅಕ್ಕ, ಈಗ ಆಕಳಿಸುತ್ತಾ ಕೊಟ್ಟಿಗೆಯ ಹಿಂದೆ ಬಂದಳು.

"ನೇರಳೆನಾ? ಅಲ್ಲ ಕಣೇ, ನಾನು ಧನ್ವಿಕಾ ಅಂತ ಮನಸ್ಸಲ್ಲಿ ಇಟ್ಕೊಂಡಿದ್ದೆ."

"ಅಪ್ಪಂಗೆ ನಾನೊಬ್ಳೇ ಅಲ್ವಾ ಅತ್ತಿಗೆ? ತೌರಿನ ಹೆಸರು ಒಂದು ಉಳೀಲಿ." ಚೈತ್ರ ಪೇಪರು ಬಿಚ್ಚಿದಳು. "ಇದು ನಿಮಗೆ."

ಅತ್ತಿಗೆ ಎರಡು ವರ್ಷದಿಂದ ಕಣ್ಣಿಟ್ಟಿದ್ದ ಸೀರೆ. ದ್ರಾಕ್ಷಾಯಣಿ ಅದರ ಅಂಚಿನ ಮೇಲೆ ಬೆರಳಾಡಿಸುತ್ತಾ, "ತೌರಿನ ಹೆಸರು..." ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. "ಆಯ್ತು ಬುಡು."

ಅಂಗಳ ಸಾರಿಸಲು ಸಗಣಿ ಕೇಳಲು ಬಂದಿದ್ದ ಪಕ್ಕದ ಮನೆಯ ಮಾದಮ್ಮ, ತುಂಬು ಗಬ್ಬದ ಹಸು ಗುಡ್ಡಿಯ ಮರೆಯಲ್ಲಿ ನಿಂತು ಇದಿಷ್ಟನ್ನೂ ಕೇಳಿಸಿಕೊಂಡಿದ್ದಳು. ಅವಳ ಕಿವಿಗೆ ಬಿದ್ದ ಮಾತು ಒಣಹಾಕಿದ ಕಾಫಿಯ ಹಾಗೆ ಹತ್ತು ಗಂಟೆಗೆಲ್ಲ ಕಣದ ತುಂಬ ಹರಡಿತು.

"ನೇರಳೆಯಂತೆ! ಕರೆದೋರ ನಾಲಿಗೆ ನೀಲಿ ಆಗಲ್ವಾ?" ಹೋಳಿಗೆ ತಟ್ಟುತ್ತಿದ್ದವರಲ್ಲಿ ಒಬ್ಬಳು ಕೇಳಿದಳು.

"ನನ್ ತೌರು ಬಾಳೆಗದ್ದೆ," ಎಂದಳು ಮಾದಮ್ಮ. "ಮೊಮ್ಮಗಂಗೆ ಬಾಳೆಗದ್ದೆ ಅಂತ ಇಡ್ಲಾ? ಸ್ಕೂಲಲ್ಲಿ ಹಾಜರಿ ಕೂಗಿದ್ರೆ ಮೊಮ್ಮಗ ಎದ್ದು ನಿಲ್ತಾನೋ, ಸರ್ವೆಯರು ಅಳೆಯಕ್ಕೆ ಬತ್ತಾನೋ?"

ಚಪ್ಪರದಲ್ಲಿ ವಸಂತನ ಚಿಕ್ಕಪ್ಪ ಸುರೇಂದ್ರ ದೊಣ್ಣೆ ಕುಟ್ಟಿದರು. ಊರಿಡೀ ಅವರನ್ನು ಕರೆಯುವುದು 'ಪಟೇಲ್ರು' ಎಂದೇ. "ಪಟೇಲರ ಮನೆ ತೊಟ್ಟಿಲಲ್ಲಿ ಬೀಗರ ಮನೆ ಹೆಸರಾ? ವಸಂತ, ನೀನು ಗಂಡ್ಸಾಗಿ ಏನಂತೀಯ?"

"ಹೌದು ಚಿಕ್ಕಪ್ಪ," ಎಂದ ವಸಂತ. ಹೆಂಡತಿ ದಿಟ್ಟಿಸಿದಳು. "ಹೌದು ಕಣೇ," ಎಂದ ಅವಳಿಗೂ. ಅವನ ತಲೆ ತೊಟ್ಟಿಲಿಗಿಂತ ಮೊದಲೇ ತೂಗತೊಡಗಿತ್ತು.

ಹನ್ನೊಂದರ ಬಸ್ಸಿಗೆ ತೋಟಪ್ಪನವರು ಬಂದಿಳಿದರು. ಮಾದಮ್ಮ ಸುದ್ದಿಯನ್ನು ಗೇಟಿನಲ್ಲೇ ಮುಟ್ಟಿಸಿದಳು. ಅವರು ಮಗಳನ್ನು ಮೂಲೆಗೆ ಕರೆದು, "ಬ್ಯಾಡ ಕಣವ್ವಾ, ನನ್ ದೆಸೆಯಿಂದ ನೀನು ಮಾತು ಕೇಳ್ಬಾರ್ದು," ಎಂದರು. ಹಾಗೆನ್ನುತ್ತಾ, ಶುಭ್ರವಾಗಿಯೇ ಇದ್ದ ಕನ್ನಡಕವನ್ನು ಪಂಚೆಯ ತುದಿಯಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಅದನ್ನು ನೋಡಿದ ಮೇಲೆ ಚೈತ್ರ ಹಿಂದೆ ಸರಿಯುವುದುಂಟೇ?

"ನೇರಳೆ ಅಂತಾನೇ ಇಡೋದು," ಎಂದು ಎಲ್ಲರೆದುರೇ ಹೇಳಿಬಿಟ್ಟಳು.

ಚಪ್ಪರದಲ್ಲಿ ಗದ್ದಲವೆದ್ದಿತು. ಅದರ ನಡುವೆ, ಬೆಳಗಿನಿಂದ ತುಟಿ ಬಿಚ್ಚದಿದ್ದ ಅತ್ತೆ ರಾಜಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಡಿಗೆಮನೆಯಿಂದ ಹೊರಗೆ ಬಂದರು.

"ಈ ಮನೇಲಿ ಮೂವತ್ತೆಂಟು ವರ್ಷದಿಂದ ಒಂದಲ್ಲ ಒಂದು ಹಸೂಗೆ ಗುಡ್ಡಿ ಅಂತಾನೇ ಯಾಕೆ ಹೆಸರು ಅಂತ ಯಾರಾದ್ರೂ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ.

"ನನ್ ತೌರು ಗುಡ್ಡದಮನೆ. ಈ ದ್ರಾಕ್ಷಾಯಣಿ ಹುಟ್ಟಿದಾಗ ಆ ಹೆಸರಿಡೋ ಆಸೆ ಪಟ್ಟೆ, ಬುಡ್ಲಿಲ್ಲ. ವಸಂತ ಹುಟ್ಟಿದಾಗ ಬಾಯೇ ಬಿಡ್ಲಿಲ್ಲ. ಹಸೂಗೆ ಇಟ್ಟೆ. ಒಂದು ಹೋದ್ರೆ ಅದರ ಕರೂಗೆ ಇಟ್ಟೆ. ದಿನಾ ನಾಲ್ಕು ಸಲ ನನ್ ತೌರನ್ನ ಕೂಗಿ ಕರೆದು ಹುಲ್ಲು ಹಾಕ್ತೀನಿ."

ಕೊಟ್ಟಿಗೆಯಿಂದ ಗುಡ್ಡಿ 'ಅಂಬಾ' ಎಂದಿತು. ಯಾರಿಗೂ ನಗು ಬರಲಿಲ್ಲ.

"ನನ್ನಂಗೆ ನನ್ ಸೊಸೇನೂ ಹಸೂಗೆ ಇಡೋದು ಬ್ಯಾಡ. ನೇರಳೆ ಅಂತಾನೇ ಇಡ್ರಿ. ದ್ರಾಕ್ಷಾಯಣಿ, ಬಗ್ಗು."

ಸುರೇಂದ್ರರ ದೊಣ್ಣೆ ಸದ್ದಡಗಿತು. ಐದು ವರ್ಷ ಒಂದೇ ಒಲೆಯ ಮುಂದೆ ನಿಂತು ಅಡಿಗೆ ಮಾಡಿದ್ದರೂ ಚೈತ್ರ ಅತ್ತೆಯ ಮುಖವನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಗೆದ್ದೆ ಎನಿಸಿ ಅವಳ ಕಣ್ಣು ತುಂಬಿತು.

ಗಿಳಿಹಸಿರು ಸೀರೆ ಸರಭರ ಎನ್ನುತ್ತಾ ದ್ರಾಕ್ಷಾಯಣಿ ತೊಟ್ಟಿಲಿಗೆ ಬಗ್ಗಿದಳು. ಒಂದು ಸಲ ಉಸುರಿದಳು. ಎರಡು ಸಲ. ಮೂರನೆಯ ಸಲಕ್ಕೆ ಅವಳ ಭುಜ ಅದುರಿತು. ಎದ್ದವಳು ಬಿಕ್ಕುತ್ತಿದ್ದಳು.

"ಗಟ್ಟಿಯಾಗಿ ಹೇಳೇ," ಎಂದರು ರಾಜಲಕ್ಷ್ಮಮ್ಮ.

"ಪಟೇಲ."

"ಏನಂದೆ?"

"ಬೆಳಿಗ್ಗೆ ಇವಳು ತೌರಿನ ಹೆಸರು ಅಂದ್ಲು. ಈಗ ನೀನೂ ತೌರು ಅಂದೆ. ನಂಗೂ ತೌರು ಐತಲ್ಲಮ್ಮಾ, ಇದೇ ಮನೆ! ಮದ್ವೆಯಾಗಿ ಹದಿನೈದು ವರ್ಷ, ಒಬ್ರಾದ್ರೂ ನನ್ನ ಪಟೇಲರ ಮಗಳು ಅಂದಿಲ್ಲ. ಕಿವಿ ಹತ್ರ ಬಗ್ಗಿದ್ಮೇಲೆ ಬಾಯಿಗೆ ಅದೇ ಬಂದ್ಬುಡ್ತು."

"ಮೂರು ಸಲಾನೂ?" ಚೈತ್ರ ಕೇಳಿದಳು.

"ಮೂರು ಸಲಾನೂ."

ವಸಂತ ಬೆರಳು ಮಡಿಸಿದ. "ಅಂದ್ರೆ ಸ್ಕೂಲಲ್ಲಿ ನಮ್ ಕೂಸಿನ ಹೆಸರು ಪಟೇಲ ವಸಂತ್ ಪಟೇಲ್?"

ಸುರೇಂದ್ರರು ಮೀಸೆ ತಿರುವಲು ಕೈ ಎತ್ತಿದ್ದರು. ಅಷ್ಟರಲ್ಲಿ ಮಾದಮ್ಮ ಕೇಳಿದಳು: "ಇನ್ಮ್ಯಾಲೆ ಪಟೇಲ್ರು ಉಚ್ಚೆ ಹೊಯ್ಕಂಡ್ರು ಅಂದ್ರೆ ಯಾರು ಅಂತ ತಿಳ್ಕಳಾದು?" ಮೀಸೆಯವರೆಗೆ ಹೋದ ಕೈ ಹಾಗೆಯೇ ಕೆಳಗಿಳಿಯಿತು.

ಸೀರೆಯೂ ಹೋಯಿತು, ಹೆಸರೂ ಹೋಯಿತು. ಸಿಟ್ಟು ಮಾಡೋಣವೆಂದು ಚೈತ್ರ ಅತ್ತಿಗೆಯ ಕಡೆ ತಿರುಗಿದಳು. ಕೊಟ್ಟಿಗೆಯ ಹಿಂದೆ ಬೆಳಿಗ್ಗೆ ತಾನು ಹೊತ್ತು ನಿಂತಿದ್ದ ಮುಖವೇ ಅಲ್ಲಿತ್ತು. ಸಿಟ್ಟು ಬರಲಿಲ್ಲ; ಅದರ ಬದಲು ನಗು ಬಂತು, ತಡೆಯಲಾಗದಂಥ ನಗು. ಮೂಗು ಒರೆಸಿಕೊಳ್ಳುತ್ತಾ ದ್ರಾಕ್ಷಾಯಣಿಯೂ ನಕ್ಕಳು. ತೊಟ್ಟಿಲಲ್ಲಿ ಪಟೇಲರು ಹೆಬ್ಬೆರಳು ಚೀಪುತ್ತಾ ನಿದ್ದೆಹೋಗಿದ್ದರು.

ಹೋಳಿಗೆ ಬಡಿಸುವ ಹೊತ್ತಿಗೆ ರಾಜಲಕ್ಷ್ಮಮ್ಮ ಸೊಸೆಯ ಪಕ್ಕ ಬಂದು ಬಗ್ಗಿ, ಅವಳ ಎಲೆಗೆ ಒಂದು ಸೌಟು ತುಪ್ಪ ಹೆಚ್ಚಾಗಿಯೇ ಸುರಿದರು.

"ಗುಡ್ಡಿ ಈ ವಾರ ಕರು ಹಾಕ್ತದೆ," ಎಂದು ಕಿವಿಯಲ್ಲಿ ಉಸುರಿದರು. "ಹೆಣ್ಗರು ಆದ್ರೆ ಹೆಸರಿಡೋ ಸರದಿ ನಿಂದು. ನಾನು ಬುಟ್ಕೊಟ್ಟೆ."

ಚೈತ್ರ ಅಪ್ಪನಿಗೆ ಹೇಳಲು ತಿರುಗಿದಳು. ಅವರು ಕೂತಿದ್ದ ಪಕ್ಕದ ಎಲೆಯ ಮುಂದೆ ಯಾರೂ ಇರಲಿಲ್ಲ. ಕೇಳಿಸಿಕೊಂಡಿದ್ದ ತೋಟಪ್ಪನವರು ಆಗಲೇ ಕೈತೊಳೆದು, ಹುಲ್ಲಿನ ಹೊರೆ ಹೊತ್ತು, ಕೊಟ್ಟಿಗೆಯ ಕಡೆ ಹೊರಟಿದ್ದರು.